ಶಾಲೆಗೆ ಟ್ಯಾಬ್ಲೆಟ್ ಕೊಳ್ಳುವ ಮೊದಲು: ಯಾರ ಕೈಗೆ, ಯಾವ ತರಗತಿಗೆ, ಯಾವ ಕೆಲಸಕ್ಕೆ

ಹಳೆಯ ವಿದ್ಯಾರ್ಥಿಗಳು ಸೇರಿ ಹಣ ಕೂಡಿಸಿರುತ್ತಾರೆ, ಅಥವಾ ಯಾವುದೋ ಕಂಪನಿ ಮೂರು ನಾಲ್ಕು ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಕ್ಕಳಿಗೆ ಟ್ಯಾಬ್ ಕೊಡಿಸೋಣ ಎಂಬ ಮಾತು ಬರುತ್ತದೆ, ಯಾರೂ ಬೇಡ ಎನ್ನುವುದಿಲ್ಲ. ಚರ್ಚೆ ಅಲ್ಲಿಂದ ನೇರವಾಗಿ ಯಾವ ಕಂಪನಿಯದು, ಎಷ್ಟು ಇಂಚಿನದು, ಎಷ್ಟು ಜಿಬಿಯದು ಎಂಬುದಕ್ಕೆ ಹೋಗಿಬಿಡುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಟ್ಯಾಬ್ಲೆಟ್ ಯಾರ ಕೈಯಲ್ಲಿರಬೇಕು, ದಿನಕ್ಕೆ ಎಷ್ಟು ಹೊತ್ತು, ಯಾವ ಕೆಲಸಕ್ಕೆ?

ಒಂದು ಶಾಲೆಯ ಮುಂದೆ ನಿಜವಾಗಿ ನಾಲ್ಕು ದಾರಿಗಳಿವೆ. ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ಲೆಟ್ ಕೊಡಬಹುದು. ಹತ್ತು ಹದಿನೈದು ಟ್ಯಾಬ್ಲೆಟ್‌ಗಳನ್ನು ಕೊಂಡು ಎಲ್ಲ ತರಗತಿಗಳೂ ಸರದಿಯಲ್ಲಿ ಬಳಸುವಂತೆ ಮಾಡಬಹುದು. ಶಿಕ್ಷಕರಿಗೆ ಮಾತ್ರ ಟ್ಯಾಬ್ಲೆಟ್ ಕೊಟ್ಟು, ತರಗತಿಗೆ ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ ಕೊಡಿಸಬಹುದು. ಟ್ಯಾಬ್ಲೆಟ್‌ನ ಗೊಡವೆಯೇ ಬೇಡವೆಂದು ಅದೇ ಹಣದಲ್ಲಿ ಪುಸ್ತಕ, ಕಲಿಕಾ ಸಾಮಗ್ರಿ ತರಬಹುದು. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಹೆಚ್ಚಿನ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎರಡನೆಯ ಮತ್ತು ಮೂರನೆಯ ದಾರಿಗಳನ್ನು ಬೆರೆಸಿಕೊಳ್ಳುವುದು ಒಳ್ಳೆಯದು. ಮೊದಲನೆಯದು ಹೆಚ್ಚು ಖರ್ಚಿನದು, ಫೋಟೋಗೆ ಚೆನ್ನಾಗಿರುವಂಥದ್ದು, ಮತ್ತು ಬಹುತೇಕ ಕಡೆ ಫಲ ಕಡಿಮೆ. ಆದರೆ ಅದಕ್ಕೊಂದು ದೊಡ್ಡ ಅಪವಾದವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಪ್ರತಿ ಮಗುವಿಗೂ ಒಂದು

ಇದರ ಆಕರ್ಷಣೆ ಅರ್ಥವಾಗುವಂಥದ್ದು. ಮಗು ತನ್ನ ವೇಗದಲ್ಲಿ ಕಲಿಯಬಹುದು, ಮನೆಗೂ ಒಯ್ಯಬಹುದು, ಪಾಠ ತಪ್ಪಿಹೋದರೆ ಮತ್ತೆ ನೋಡಬಹುದು. ಮನೆಯಲ್ಲಿ ಅಪ್ಪನ ಬಳಿ ಮಾತ್ರ ಮೊಬೈಲ್ ಇದ್ದು, ಅಪ್ಪ ಕೆಲಸಕ್ಕೆ ಹೋದಾಗ ಅದೂ ಹೋಗುತ್ತಿದ್ದ ಮನೆಗಳ ಮಕ್ಕಳು ಕೋವಿಡ್ ಕಾಲದಲ್ಲಿ ಎಷ್ಟು ಕಳೆದುಕೊಂಡರು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದ್ದು ಆ ಹಿನ್ನೆಲೆಯಲ್ಲಿಯೇ. ಮರುವರ್ಷ ಹರಿಯಾಣ ಸರ್ಕಾರವೂ 10ರಿಂದ 12ನೇ ತರಗತಿಯ ಮಕ್ಕಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಇವೆಲ್ಲ ದೊಡ್ಡ ಮಕ್ಕಳಿಗೆ ಕೊಟ್ಟವು. ಅದೇ ಯೋಜನೆಯನ್ನು ನಾಲ್ಕನೇ ತರಗತಿಗೆ ಇಳಿಸಿದರೆ ಅದೇ ಫಲ ಬರುತ್ತದೆ ಎಂದುಕೊಳ್ಳಬಾರದು.

ಈ ದಾರಿಯಲ್ಲಿ ಎಡವಿದವರಲ್ಲಿ ಬಹಳ ಹಣವಿದ್ದವರೂ ಇದ್ದಾರೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಸಾರ್ವಜನಿಕ ಶಾಲೆಗಳು 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಕೊಡಲು ಹೊರಟವು. ಉಪಕರಣ, ಜಾಲ ವ್ಯವಸ್ಥೆ ಎಲ್ಲ ಸೇರಿ 130 ಕೋಟಿ ಡಾಲರ್‌ಗಳ ಯೋಜನೆ. ಹಂಚಿದ ಕೆಲವೇ ವಾರಗಳಲ್ಲಿ ಪ್ರೌಢಶಾಲೆಯ ಮಕ್ಕಳು ಅದರ ಭದ್ರತಾ ವ್ಯವಸ್ಥೆಯನ್ನು ತೆಗೆದುಹಾಕಿ, ತಮಗೆ ಬೇಕಾದ ಜಾಲತಾಣಗಳಿಗೆ ಹೋಗತೊಡಗಿದರು. ಮರುವರ್ಷ ಒಪ್ಪಂದವೇ ನಿಂತುಹೋಯಿತು. ಪೆರುವಿನಲ್ಲಿ ಗ್ರಾಮೀಣ ಶಾಲೆಗಳ ಮಕ್ಕಳಿಗೆ ತಲಾ ಒಂದು ಚಿಕ್ಕ ಲ್ಯಾಪ್‌ಟಾಪ್ ಕೊಟ್ಟ ಯೋಜನೆಯನ್ನು ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 319 ಶಾಲೆಗಳಲ್ಲಿ ಪರೀಕ್ಷಿಸಿ ನೋಡಿತು. 2012ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಕಂಪ್ಯೂಟರ್ ಬಳಕೆ ಬಹಳ ಹೆಚ್ಚಿತು, ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ.

ನಮ್ಮ ಮಕ್ಕಳ ಮಟ್ಟಿಗೆ ಇನ್ನೂ ಎರಡು ಮಾತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇಂದಿಗೂ ಕಾಗದದ ಮೇಲೆ, ಪೆನ್ನಿನಲ್ಲಿಯೇ ನಡೆಯುತ್ತದೆ. ಮೂರು ಗಂಟೆ ಕುಳಿತು ಬರೆಯುವ ಕೈ ವರ್ಷಗಳ ಅಭ್ಯಾಸದಿಂದ ತಯಾರಾಗಬೇಕು. ಎರಡನೆಯದು, ಚಿಕ್ಕ ಮಕ್ಕಳ ಕನ್ನಡ ಬರವಣಿಗೆ. ಒತ್ತಕ್ಷರ ಎಲ್ಲಿ ಕೂರಬೇಕು, ದೀರ್ಘ ಎಲ್ಲಿ ಬರಬೇಕು ಎಂಬುದನ್ನು ಮಗು ಕಲಿಯುವುದು ಬರೆದು, ಅಳಿಸಿ, ಮತ್ತೆ ಬರೆದು. ಟ್ಯಾಬ್ಲೆಟ್‌ನ ಕೀಲಿಮಣೆಯಲ್ಲಿ ಎರಡು ಅಕ್ಷರ ಒತ್ತುವಷ್ಟರಲ್ಲಿ ಇಡೀ ಪದ ಮೇಲೆ ಮೂಡಿ ನಿಂತಿರುತ್ತದೆ, ಮಗು ಅದನ್ನು ಮುಟ್ಟಿದರೆ ಸಾಕು. ಕಾಗುಣಿತ ಗಟ್ಟಿಯಾಗುವ ಮೊದಲು ಇಂಥ ಸಹಾಯ ಸಿಗಬಾರದು ಎಂಬುದು ನನ್ನ ದೃಢವಾದ ನಿಲುವು.

ಶಾಲಾ ಚೀಲದ ಭಾರ ಕಡಿಮೆಯಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಭಾರ ನಿಜವಾದ ಸಮಸ್ಯೆ. ಒಂದು, ಎರಡನೇ ತರಗತಿಗೆ ಎರಡು ಕಿಲೋ, ಒಂಬತ್ತು ಹತ್ತಕ್ಕೆ ಐದು ಕಿಲೋ ಮೀರಬಾರದೆಂದು ನಮ್ಮ ಶಿಕ್ಷಣ ಇಲಾಖೆಯೇ ಮಿತಿ ಹಾಕಿದೆ. ಆದರೆ ಆ ಭಾರ ಇಳಿಸಲು ಪಠ್ಯಪುಸ್ತಕವನ್ನು ಎರಡು ಭಾಗ ಮಾಡುವುದು, ನೋಟ್‌ಪುಸ್ತಕಗಳನ್ನು ಶಾಲೆಯಲ್ಲಿಯೇ ಇಡುವುದು ಮುಂತಾದ ಅಗ್ಗದ ದಾರಿಗಳಿವೆ.

ಈಗ ಆ ಅಪವಾದ. ದೃಷ್ಟಿದೋಷವಿರುವ, ಓದುವುದರಲ್ಲಿ ತೀವ್ರ ತೊಂದರೆಯಿರುವ, ಮಾತು ಬಾರದ, ಕೈಯಲ್ಲಿ ಪೆನ್ನು ಹಿಡಿಯಲಾಗದ ಮಗುವಿಗೆ ಸ್ವಂತ ಟ್ಯಾಬ್ಲೆಟ್ ಬೇಕೇ ಬೇಕು. ಇದರಲ್ಲಿ ಹಿಂದೆಮುಂದೆ ನೋಡುವಂಥದ್ದೇನೂ ಇಲ್ಲ. ಅಕ್ಷರವನ್ನು ಬೆರಳಗಲ ದೊಡ್ಡದು ಮಾಡಿಕೊಂಡು ಓದಬಹುದು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಸೌಲಭ್ಯವು ತೆರೆಯ ಮೇಲಿರುವುದನ್ನು ಕನ್ನಡದಲ್ಲಿಯೇ ಓದಿ ಹೇಳುತ್ತದೆ. ಮಾತು ಬಾರದ ಮಗು ಚಿತ್ರ ಮುಟ್ಟಿ ತನಗೇನು ಬೇಕೆಂದು ತಿಳಿಸಬಹುದು. ಶಾಲೆಯಲ್ಲಿ ಇಂಥ ಮಕ್ಕಳು ಇಬ್ಬರಿದ್ದರೂ ಸರಿ, ಬಂದ ಹಣದಲ್ಲಿ ಮೊದಲ ಎರಡು ಟ್ಯಾಬ್ಲೆಟ್ ಅವರ ಹೆಸರಿಗೆ ಬರೆಯಿರಿ. ಮಿಕ್ಕ ಚರ್ಚೆ ಆಮೇಲೆ ನಡೆಯಲಿ.

ಹತ್ತು ಟ್ಯಾಬ್ಲೆಟ್, ಎಲ್ಲರಿಗೂ ಸರದಿ

ನಾನು ಹೆಚ್ಚು ಭರವಸೆ ಇಟ್ಟಿರುವುದು ಈ ದಾರಿಯ ಮೇಲೆ. ಕಾರಣ ನಮ್ಮ ಶಾಲೆಗಳ ರಚನೆಯಲ್ಲಿಯೇ ಇದೆ. ಐದು ತರಗತಿಗೆ ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ, ಒಬ್ಬರು ಮೂರನೆಯವರಿಗೆ ಪಾಠ ಮಾಡುವಾಗ ಅದೇ ಕೋಣೆಯಲ್ಲಿರುವ ನಾಲ್ಕನೆಯವರು ಏನು ಮಾಡಬೇಕು? ಬೋರ್ಡ್ ಮೇಲಿನ ಲೆಕ್ಕ ನಕಲು ಮಾಡುತ್ತಾ ಕೂರುತ್ತಾರೆ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ ಕಲಿ ಪದ್ಧತಿ ಈ ಸಮಸ್ಯೆಗೆ ಒಳ್ಳೆಯ ಉತ್ತರ ಕಂಡುಕೊಂಡಿತು: ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ, ಒಂದು ಗುಂಪಿನ ಜೊತೆ ಶಿಕ್ಷಕರು ಕುಳಿತರೆ ಇನ್ನೊಂದು ಗುಂಪು ಕಾರ್ಡು ಹಿಡಿದು ತಾನೇ ಕಲಿಯುತ್ತದೆ. ಸರದಿಯ ಟ್ಯಾಬ್ಲೆಟ್‌ಗಳು ಈ ವ್ಯವಸ್ಥೆಯೊಳಗೆ ಸಲೀಸಾಗಿ ಸೇರಿಕೊಳ್ಳುತ್ತವೆ. ಹತ್ತು ಮಕ್ಕಳು ಇಪ್ಪತ್ತು ಇಪ್ಪತ್ತೈದು ನಿಮಿಷ ಭಾಗಾಕಾರದ ಅಭ್ಯಾಸ ಮಾಡುತ್ತಿರುವಾಗ, ಶಿಕ್ಷಕರಿಗೆ ಉಳಿದವರ ಪಕ್ಕದಲ್ಲಿ ಕುಳಿತು ಒಬ್ಬೊಬ್ಬರ ಓದು ಕೇಳಲು ಸಮಯ ಸಿಗುತ್ತದೆ. ನಮ್ಮ ಶಾಲೆಗಳಲ್ಲಿ ಅತಿ ದುರ್ಲಭವಾದದ್ದು ಆ ಸಮಯವೇ.

ಈ ಬಗೆಯ ಅಭ್ಯಾಸ ಫಲ ಕೊಟ್ಟಿದ್ದಕ್ಕೆ ನಮ್ಮ ದೇಶದ್ದೇ ಆದ ಒಳ್ಳೆಯ ಸಾಕ್ಷ್ಯವಿದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಬಳಸುವ ಶಾಲೆಯ ನಂತರದ ಕೇಂದ್ರಗಳನ್ನು ಮುರಳೀಧರನ್, ಸಿಂಗ್ ಮತ್ತು ಗಾನಿಮಿಯನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಲಾಟರಿ ಎತ್ತಿ ಕೆಲವು ಮಕ್ಕಳಿಗೆ ಪ್ರವೇಶ ಕೊಟ್ಟು, ಸಿಗದವರ ಜೊತೆ ಹೋಲಿಸಿದ್ದರಿಂದ ಫಲಿತಾಂಶ ನಂಬುವಂತಿದೆ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಗಣನೀಯ ಏರಿಕೆ ಕಂಡುಬಂತು. ಆ ತಂತ್ರಾಂಶ ಮಾಡಿದ ಮುಖ್ಯ ಕೆಲಸ ಏನೆಂದರೆ, ಮಗು ಯಾವ ತರಗತಿಯಲ್ಲಿ ಕುಳಿತಿದೆ ಎಂದು ನೋಡದೆ ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆ ಎಂದು ಕಂಡುಕೊಂಡು ಅಲ್ಲಿಂದ ಕಲಿಸಿದ್ದು. ಆರನೇ ತರಗತಿಗೆ ಬಂದಿದ್ದ ಆ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಇನ್ನೊಂದು ಮುಖ್ಯ ವಿಷಯ: ಅಲ್ಲಿ 45 ನಿಮಿಷ ಯಂತ್ರದ ಮುಂದೆ ಕಳೆದರೆ, ಇನ್ನೊಂದು 45 ನಿಮಿಷ ಚಿಕ್ಕ ಗುಂಪಿನಲ್ಲಿ ಬೋಧಕರ ಜೊತೆ ಕಲಿಕೆ ನಡೆಯುತ್ತಿತ್ತು. ಬಳಸಿದ್ದು ಕಂಪ್ಯೂಟರ್, ಟ್ಯಾಬ್ಲೆಟ್ ಅಲ್ಲ. ಆದರೆ ಅದರ ಪಾಠ ಟ್ಯಾಬ್ಲೆಟ್‌ಗೂ ಹೊಂದುತ್ತದೆ: ಮಟ್ಟ ಗುರುತಿಸಿ ಅಭ್ಯಾಸ ಕೊಡದ, ಬರೀ ವಿಡಿಯೊ ತುಂಬಿಟ್ಟ ಟ್ಯಾಬ್ಲೆಟ್‌ನಿಂದ ಇಂಥ ಫಲ ನಿರೀಕ್ಷಿಸಬಾರದು.

ಹೊತ್ತಿನ ಮಿತಿಯೂ ಸರದಿಯಿಂದ ತಾನಾಗಿಯೇ ಬರುತ್ತದೆ. ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಹಲವು ದೇಶಗಳಲ್ಲಿ ಅಳೆಯುವ ಪೀಸಾ ಪರೀಕ್ಷೆಯ 2022ರ ವರದಿಯಲ್ಲಿ, ಶಾಲೆಯಲ್ಲಿ ದಿನಕ್ಕೆ ಒಂದು ಗಂಟೆಯವರೆಗೆ ಕಲಿಕೆಗಾಗಿ ಡಿಜಿಟಲ್ ಸಾಧನ ಬಳಸಿದ ಮಕ್ಕಳು, ಏನೂ ಬಳಸದವರಿಗಿಂತ ಗಣಿತದಲ್ಲಿ ಸರಾಸರಿ 14 ಅಂಕ ಮುಂದಿದ್ದರು. ಅದೇ ವರದಿಯಲ್ಲಿ, ಪಕ್ಕದವರು ಸಾಧನ ಬಳಸುವುದರಿಂದ ತಮ್ಮ ಗಮನ ಚದುರುತ್ತದೆ ಎಂದ ಮಕ್ಕಳು 15 ಅಂಕ ಹಿಂದಿದ್ದರು. ಭಾರತ ಆ ಸುತ್ತಿನಲ್ಲಿ ಭಾಗವಹಿಸಿರಲಿಲ್ಲ, ಇವು ಕಾರಣವನ್ನು ಸಾಬೀತು ಮಾಡುವ ಅಂಕಿಗಳೂ ಅಲ್ಲ. ಆದರೂ ಅಲ್ಪ ಹೊತ್ತು, ನಿರ್ದಿಷ್ಟ ಕೆಲಸ, ಆಮೇಲೆ ಪೆಟ್ಟಿಗೆಗೆ ವಾಪಸ್ ಎಂಬ ನಿಯಮಕ್ಕೆ ಅವು ಪೂರಕವಾಗಿವೆ.

ತೊಂದರೆಗಳೂ ಇವೆ. ಹತ್ತು ಟ್ಯಾಬ್ಲೆಟ್‌ಗಳಿಗೆ ಯಾರು ಜವಾಬ್ದಾರರು ಎಂಬುದು ಗೊತ್ತಾಗದಿದ್ದರೆ ಎಲ್ಲವೂ ಮುಖ್ಯೋಪಾಧ್ಯಾಯರ ಬೀರು ಸೇರುತ್ತವೆ. ಒಡೆದರೆ ತನ್ನ ಸಂಬಳದಿಂದ ಕಟ್ಟಬೇಕಾಗುತ್ತದೆಂದು ಹೆದರುವ ಶಿಕ್ಷಕರು ಬೀಗ ತೆರೆಯುವುದೇ ಇಲ್ಲ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಟ್ಯಾಬ್ಲೆಟ್‌ಗಳನ್ನು ಶಾಲೆಯ ಬೀರುವಿನಲ್ಲಿ ಕಂಡಾಗ ನನಗೆ ಶಿಕ್ಷಕರ ಮೇಲೆ ಸಿಟ್ಟು ಬರಲಿಲ್ಲ, ಕೊಟ್ಟವರ ಮೇಲೆ ಬಂತು. ಒಡೆದರೆ ಶಿಕ್ಷಕರು ಹೊಣೆಯಲ್ಲ ಎಂದು ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಆ ಒಂದು ಸಾಲು ಇಲ್ಲದೆ ಯೋಜನೆ ಶುರು ಮಾಡಬೇಡಿ.

ಶಿಕ್ಷಕರ ಕೈಗೆ, ಗೋಡೆಯ ಮೇಲೆ

ಕೀನ್ಯಾದ ಕಿಸುಮು ಪ್ರಾಂತದಲ್ಲಿ ನಡೆದ ಒಂದು ಪ್ರಯೋಗ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಆರಂಭಿಕ ತರಗತಿಗಳ ಓದು ಕಲಿಸುವ ಒಂದೇ ಕಾರ್ಯಕ್ರಮ. ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ಇ-ರೀಡರ್ (ಪುಸ್ತಕ ಓದಲೆಂದೇ ಇರುವ ಸಾಧನ), ಕೆಲವು ಕಡೆ ಶಿಕ್ಷಕರಿಗೆ ಟ್ಯಾಬ್ಲೆಟ್, ಇನ್ನು ಕೆಲವು ಕಡೆ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ಮಾರ್ಗದರ್ಶನ ಮಾಡುವವರಿಗೆ ಟ್ಯಾಬ್ಲೆಟ್ ಕೊಟ್ಟರು. ಮೂರರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಓದು ಸುಧಾರಿಸಲು ಮುಖ್ಯ ಕಾರಣ ಒಳ್ಳೆಯ ಪುಸ್ತಕ ಮತ್ತು ಶಿಕ್ಷಕರ ತರಬೇತಿಯೇ ಆಗಿತ್ತು. ಖರ್ಚು ನೋಡಿದರೆ ಮಾರ್ಗದರ್ಶಕರಿಗೆ ಕೊಟ್ಟದ್ದೇ ಅತಿ ಅಗ್ಗ. ಮುಂದೆ ಟುಸೋಮೆ ಎಂಬ ಹೆಸರಿನಲ್ಲಿ ಕಾರ್ಯಕ್ರಮ ದೇಶವಿಡೀ ಹಬ್ಬಿದಾಗ ಟ್ಯಾಬ್ಲೆಟ್ ಸಿಕ್ಕಿದ್ದು ಮಾರ್ಗದರ್ಶಕರಿಗೆ, ಮಕ್ಕಳಿಗೆ ಅಲ್ಲ. ನಮ್ಮಲ್ಲಿ ಆ ಸ್ಥಾನದಲ್ಲಿರುವವರು ಸಿಆರ್‌ಪಿಗಳು, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು. ಒಂದು ಕ್ಲಸ್ಟರ್‌ನ ಎಲ್ಲ ಶಾಲೆಗಳಿಗೆ ನೆರವಾಗಬೇಕೆಂಬ ದಾನಿಗಳು ಈ ಮಾತನ್ನು ಗಂಭೀರವಾಗಿ ಯೋಚಿಸಲಿ.

ಶಾಲೆಯೊಳಗೆ ಶಿಕ್ಷಕರ ಟ್ಯಾಬ್ಲೆಟ್‌ನ ಉಪಯೋಗ ಸರಳ. ನಮ್ಮ ಪಠ್ಯಪುಸ್ತಕಗಳಲ್ಲಿ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದ ಕ್ಯೂಆರ್ ಕೋಡ್‌ಗಳಿವೆ. ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ ಮತ್ತು ಪ್ರಶ್ನೆಗಳು ಸಿಗುತ್ತವೆ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಸೀಮೆಸುಣ್ಣದ ಚಿತ್ರದಲ್ಲಿ ಎಷ್ಟೆಂದು ತೋರಿಸಲಾದೀತು? ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಸಿಮ್ಯುಲೇಶನ್‌ಗಳಲ್ಲಿ, ಅಂದರೆ ತೆರೆಯ ಮೇಲೆ ಮಾಡುವ ಪ್ರಯೋಗಗಳಲ್ಲಿ, ವಿದ್ಯುತ್ ಮಂಡಲ ಕಟ್ಟಿ ಬಲ್ಬು ಉರಿಸಬಹುದು, ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ತುದಿ ಎಳೆದಂತೆ ಕೋನಗಳು ಬದಲಾಗುವುದನ್ನು ಇಡೀ ತರಗತಿ ಒಟ್ಟಿಗೆ ನೋಡಬಹುದು. ಒಟ್ಟಿಗೆ ನೋಡುವಾಗ ಪ್ರಶ್ನೆಯೂ ಒಟ್ಟಿಗೆ ಏಳುತ್ತದೆ, ಒಬ್ಬನ ಉತ್ತರಕ್ಕೆ ಇನ್ನೊಬ್ಬಳು ತಕರಾರು ತೆಗೆಯುತ್ತಾಳೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೂತರೆ ಇದು ಆಗುವುದಿಲ್ಲ.

ಕೊರತೆಯೆಂದರೆ, ಇದರಲ್ಲಿ ಮಗುವಿನ ಕೈಗೆ ಕೆಲಸವಿಲ್ಲ. ಹಿಂದೆ ಬಿದ್ದ ಮಗು ಇಲ್ಲಿಯೂ ಹಿಂದೆಯೇ ಕುಳಿತಿರುತ್ತದೆ. ಅದಕ್ಕೇ ಇದರ ಜೊತೆಗೆ ಸರದಿಯ ಟ್ಯಾಬ್ಲೆಟ್‌ಗಳು ಬೇಕು ಎನ್ನುತ್ತೇನೆ. ಲಕ್ಷ ದಾಟುವ ಸ್ಮಾರ್ಟ್ ಬೋರ್ಡ್ ಮಾತ್ರ ಚಿಕ್ಕ ಶಾಲೆಗೆ ಬೇಡ. ಸಾಮಾನ್ಯ ಪ್ರೊಜೆಕ್ಟರ್, ಬಿಳಿ ಬಳಿದ ಗೋಡೆ, ಕಿಟಕಿಗೆ ದಪ್ಪ ಪರದೆ ಸಾಕು.

ಟ್ಯಾಬ್ಲೆಟ್ ಬೇಡವೆಂದರೆ

ಇದೂ ಗೌರವದ ಆಯ್ಕೆ. ಸ್ವೀಡನ್ ಶಾಲೆಗಳನ್ನು ಬಹುಬೇಗ ಡಿಜಿಟಲ್ ಮಾಡಿದ ದೇಶ. 2023ರಲ್ಲಿ ಅಲ್ಲಿನ ಸರ್ಕಾರ ದಿಕ್ಕು ಬದಲಿಸಿ ಮುದ್ರಿತ ಪಠ್ಯಪುಸ್ತಕಗಳಿಗೆಂದೇ 68.5 ಕೋಟಿ ಕ್ರೋನರ್ ತೆಗೆದಿರಿಸಿತು. 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆಯಲ್ಲಿ ಮಾಹಿತಿ ಪಾಠಗಳನ್ನು ತೆರೆಯ ಮೇಲಿಗಿಂತ ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಸಮಯದ ಒತ್ತಡ ಇದ್ದಾಗ ಈ ಅಂತರ ಇನ್ನೂ ಹೆಚ್ಚಿತ್ತು. ಕಥೆಗಳ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವಿಜ್ಞಾನ, ಸಮಾಜ ಪಾಠಗಳನ್ನು ಪುಸ್ತಕದಲ್ಲಿಯೇ ಓದಿಸಿ, ಕಥೆಯನ್ನು ಬೇಕಾದರೆ ತೆರೆಯ ಮೇಲೆ ಓದಲಿ ಎನ್ನಲು ಇದು ಸಾಕು. ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿವೆ, ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಓದಬಹುದು, ಮುದ್ರಿಸಿಯೂ ಹಂಚಬಹುದು.

ಒಂದರಿಂದ ಮೂರನೇ ತರಗತಿಯವರೆಗೆ ಮಾತ್ರ ಇರುವ ಶಾಲೆಯಾದರೆ, ಅಥವಾ ಶಾಲೆಯಲ್ಲಿ ಕಥೆ ಪುಸ್ತಕಗಳ ಕಪಾಟೇ ಇಲ್ಲವೆಂದಾದರೆ, ನಾನು ಟ್ಯಾಬ್ಲೆಟ್ ಬದಲು ಇದನ್ನೇ ಆರಿಸುತ್ತೇನೆ. ಶೌಚಾಲಯಕ್ಕೆ ನೀರಿಲ್ಲದ ಶಾಲೆಯಲ್ಲಿ ಮೊದಲು ನೀರು.

ಮೂರು ಲಕ್ಷ ಅರವತ್ತು ಸಾವಿರದ ಲೆಕ್ಕ

ಸಾಧಾರಣ ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದಕ್ಕೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. 2021ರ ಸರ್ಕಾರಿ ಖರೀದಿಯಲ್ಲಿಯೇ, ಅಷ್ಟು ಸಗಟಾಗಿ ಕೊಂಡರೂ, ತಲಾ ಸುಮಾರು 10,500 ರೂಪಾಯಿ ಬಿದ್ದಿತ್ತು. ಮೂವತ್ತು ಮಕ್ಕಳಿಗೆ ಮೂವತ್ತು ಎಂದರೆ 3,60,000. ಕವರು, ಗಾಜಿನ ರಕ್ಷೆ, ಚಾರ್ಜಿಂಗ್ ವ್ಯವಸ್ಥೆ, ದುರಸ್ತಿ ಯಾವುದಕ್ಕೂ ಒಂದು ರೂಪಾಯಿ ಉಳಿಯಲಿಲ್ಲ. ಮುಂದಿನ ವರ್ಷ ಬರುವ ಮಕ್ಕಳಿಗೆ ಏನು ಎಂಬುದಕ್ಕೂ ಉತ್ತರವಿಲ್ಲ. ಅದೇ ಹಣದಲ್ಲಿ ಹತ್ತು ಟ್ಯಾಬ್ಲೆಟ್‌ಗೆ 1,20,000, ಶಿಕ್ಷಕರಿಗೆ ಇನ್ನೆರಡಕ್ಕೆ 24,000, ಪ್ರೊಜೆಕ್ಟರ್ ಮತ್ತು ಸ್ಪೀಕರ್‌ಗೆ 50,000 ಇಡಿ. ಕವರು, ಚಾರ್ಜಿಂಗ್ ಪೆಟ್ಟಿಗೆ, ಯುಪಿಎಸ್‌ಗೆ 40,000 ಹೋಗಲಿ. ಉಳಿಯುವ ಒಂದು ಲಕ್ಷಕ್ಕೂ ಮಿಕ್ಕ ಹಣದಲ್ಲಿ ಅರ್ಧವನ್ನು ಮೂರು ವರ್ಷದ ದುರಸ್ತಿಗೆಂದು ಶಾಲೆಯ ಖಾತೆಯಲ್ಲಿಡಿ, ಅರ್ಧಕ್ಕೆ ಪುಸ್ತಕ ತನ್ನಿ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಉಚಿತವೆಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಘೋಷಿಸಿದ್ದರಿಂದ ಬಿಲ್ಲಿನ ಚಿಂತೆಯಿಲ್ಲ. ಹಗಲು ಹೊತ್ತು ಕರೆಂಟ್ ಇರುತ್ತದೆಯೇ ಎಂಬ ಚಿಂತೆ ಇದ್ದೇ ಇದೆ.

ಕೊಳ್ಳುವಾಗ ಮಾರುವವರನ್ನು ಕೇಳಬೇಕಾದವು ಕೆಲವೇ. ಇಂಟರ್ನೆಟ್ ಇಲ್ಲದೆ ಪಾಠಗಳು ತೆರೆಯುತ್ತವೆಯೇ? ಅಂಗಡಿಯಲ್ಲಿಯೇ ವೈಫೈ ಆರಿಸಿ ನೋಡಿ. ಬೇರೆ ಆ್ಯಪ್ ಹಾಕದಂತೆ ಬೀಗ ಹಾಕುವ ವ್ಯವಸ್ಥೆಗೆ ಪ್ರತಿ ವರ್ಷ ಹಣ ಕಟ್ಟಬೇಕೇ? ಆಂಡ್ರಾಯ್ಡ್‌ನ ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಕನ್ನಡದ ಪಾಠ ನಿಜವಾಗಿ ಕನ್ನಡದ್ದೇ, ಅಥವಾ ಯಂತ್ರ ಅನುವಾದವೇ? ಎರಡು ಪುಟ ಓದಿದರೆ ಗೊತ್ತಾಗುತ್ತದೆ. ಮಕ್ಕಳ ಹೆಸರು, ಅಂಕ, ಧ್ವನಿ ಎಲ್ಲಿಗೆ ಹೋಗುತ್ತದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಆ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ.

ಖಾಸಗಿ ಶಾಲೆಯ ಪೋಷಕರ ಪಾಡು ಬೇರೆ. ಅಲ್ಲಿ ಆಯ್ಕೆ ನಿಮ್ಮದಲ್ಲ, ಶುಲ್ಕದ ಪಟ್ಟಿಯಲ್ಲಿ ಟ್ಯಾಬ್ಲೆಟ್ ಮೊದಲೇ ಸೇರಿರುತ್ತದೆ. ವಾರಕ್ಕೆ ಯಾವ ಪಿರಿಯಡ್‌ಗಳಲ್ಲಿ, ಎಷ್ಟು ಹೊತ್ತು ಬಳಸುತ್ತಾರೆ ಎಂದು ವೇಳಾಪಟ್ಟಿ ಕೇಳುವ ಹಕ್ಕು ನಿಮಗಿದೆ. ಮನೆಯಲ್ಲಿರುವ ಟ್ಯಾಬ್ಲೆಟನ್ನೇ ತರಬಹುದೇ ಎಂದೂ ಕೇಳಿ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವ ಅಸರ್‌ನ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇಕಡ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇಕಡ 76. ಟ್ಯಾಬ್ಲೆಟ್ ಮುಟ್ಟದಿದ್ದರೆ ಮಗು ತಂತ್ರಜ್ಞಾನದಲ್ಲಿ ಹಿಂದೆ ಉಳಿಯುತ್ತದೆ ಎಂದು ಯಾರಾದರೂ ಹೆದರಿಸಿದರೆ ಈ ಅಂಕಿಗಳನ್ನು ನೆನಪಿಸಿಕೊಳ್ಳಿ.

ಕೊನೆಯದಾಗಿ, ಈಗಾಗಲೇ ಟ್ಯಾಬ್ಲೆಟ್ ಇರುವ ಶಾಲೆಗಳಿಗೊಂದು ಸೂಚನೆ. ಏಪ್ರಿಲ್‌ನಲ್ಲಿ ರಜೆ ಸಿಕ್ಕಾಗ ಬ್ಯಾಟರಿ ಪೂರ್ತಿ ಖಾಲಿಯಾದ ಟ್ಯಾಬ್ಲೆಟ್‌ಗಳನ್ನು ಹಾಗೆಯೇ ಬೀರುವಿಗೆ ಹಾಕಿದರೆ ಜೂನ್ ಹೊತ್ತಿಗೆ ಕೆಲವು ಚಾರ್ಜ್ ಹಿಡಿಯುವುದಿಲ್ಲ. ಅರ್ಧದಷ್ಟು ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಶೀಟ್ ಮಾಡಿನ ಕೋಣೆ ಬಿಟ್ಟು ತಂಪಾದ ಕೋಣೆಯಲ್ಲಿಡಿ. ಮೇ ನಡುವೆ ಒಬ್ಬರು ಹೋಗಿ ಚಾರ್ಜ್ ನೋಡಿಬರಲಿ. ಯಾವುದಾದರೂ ಟ್ಯಾಬ್ಲೆಟ್‌ನ ಹಿಂಭಾಗ ಉಬ್ಬಿದ್ದರೆ ಚಾರ್ಜ್‌ಗೆ ಹಾಕಬೇಡಿ, ಮಕ್ಕಳ ಕೈಗೂ ಕೊಡಬೇಡಿ, ದುರಸ್ತಿ ಕೇಂದ್ರಕ್ಕೆ ಕಳಿಸಿ.